ಒಂದೇ ಲೇತ್ ಕೆಲಸ, ಬೆಂಗಳೂರಲ್ಲಿ ಪಗಾರ ಯಾಕೆ ಹೆಚ್ಚು?

ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ ಲೇತ್ (ಲೋಹ ಕಡೆಯುವ ಯಂತ್ರ) ನಡೆಸುವ ನಿಮಗೆ, ಅದೇ ಕೆಲಸ ಮಾಡುವ ಬೆಂಗಳೂರಿನ ಗೆಳೆಯನಿಗಿಂತ ಪಗಾರ ಬಹಳ ಕಡಿಮೆ ಯಾಕೆ ಅಂತ ಕೇಳೀರಿ. ಅಷ್ಟು ಅಂತರ ಇದೆಯೆಂದರೆ, ಊರಿನ ಜೊತೆ ದರ್ಜೆಯೂ (ಕುಶಲ, ಅರೆಕುಶಲ, ಅಕುಶಲ ಅನ್ನುವ ವಿಂಗಡಣೆ) ಕಾರಣ ಇರಬೇಕು. ಲೇತ್ ನಡೆಸುವವನನ್ನು ಗುತ್ತಿಗೆದಾರ ಕೆಳದರ್ಜೆಯ ‘ಹೆಲ್ಪರ್’ ಅಂತ ಬರೆದುಬಿಡುವುದುಂಟು. ಪಗಾರದ ಸ್ಲಿಪ್ ನೋಡದೆ ಖಚಿತ ಹೇಳಲಾಗದು.

ಮೊದಲು ಇಬ್ಬರ ಸ್ಲಿಪ್ ಪಕ್ಕಪಕ್ಕ ಇಟ್ಟು ಕಡಿತಕ್ಕೆ ಮುಂಚಿನ ಮೊತ್ತ ನೋಡ್ರಿ, ಪಿಎಫ್ ಶೇ. 12, ಇಎಸ್‌ಐ ಇದ್ದರೆ ಶೇ. 0.75 ಹೋಗಿರುತ್ತದೆ. ಓಟಿ (ಹೆಚ್ಚುವರಿ ಅವಧಿಯ ಕೆಲಸ) ದುಪ್ಪಟ್ಟು ದರದ್ದು, ಅದನ್ನು ಬೇರೆ ತೆಗೀರಿ. ಆಮೇಲೆ ಮೂಲ ವೇತನ, ತುಟ್ಟಿಭತ್ಯೆ ಕೂಡಿಸಿ ಕಾರ್ಮಿಕ ಇಲಾಖೆಯ ಕನಿಷ್ಠ ವೇತನ ಅಧಿಸೂಚನೆಯಲ್ಲಿ ನಿಮ್ಮ ಉದ್ಯಮ, ದರ್ಜೆ, ವಲಯದ (ಊರಿಗೆ ತಕ್ಕ ವಿಭಾಗ) ಸಾಲಿಗೆ ಹೋಲಿಸ್ರಿ. ತುಟ್ಟಿಭತ್ಯೆ ಏಪ್ರಿಲ್ 1ಕ್ಕೆ ಬದಲಾಗುತ್ತದೆ, ಹಳೇ ಹಾಳೆ ಹಿಡಿದು ಜಗಳಕ್ಕೆ ಹೋಗಬ್ಯಾಡ್ರಿ.

ಕಡಿಮೆ ಬಂದರೆ ಸ್ಲಿಪ್, ಹಾಜರಿ ಪ್ರತಿ ಸಮೇತ ಕಾರ್ಮಿಕ ನಿರೀಕ್ಷಕರಿಗೆ ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ರಿ. ಕನಿಷ್ಠಕ್ಕಿಂತ ಮೇಲಿದ್ದರೆ ಕನಿಷ್ಠ ವೇತನದ ಕಾನೂನು ನೆರವಿಗೆ ಬರದು; ಉಳಿದ ಅಂತರಕ್ಕೆ ಕಾರಣ, ಬೆಂಗಳೂರಲ್ಲಿ ಕೆಲಸಗಾರರಿಗಾಗಿ ಪೈಪೋಟಿ ನಡೆಸುವ ಕಾರ್ಖಾನೆಗಳು ಹೆಚ್ಚು. ಆಗ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರ) ಕಲಿತು ಹೆಚ್ಚಿನ ದರ ಕೇಳುವುದೇ ದಾರಿ.