ಕರೆಂಟ್ ಬಂದ ಕೂಡಲೇ ಪ್ರೋಗ್ರಾಂ ತಾನಾಗಿ ಏಳಬೇಕಾದರೆ

ಭಾವ, ನಿಮ್ಮ ಪ್ರಶ್ನೆ ನಿನ್ನೆ ರಾತ್ರಿಯೇ ನೋಡಿದ್ದೆ. ಉದ್ದಕ್ಕೆ ಬರೆಯಬೇಕಾದ ವಿಷಯ, ಹಾಗಾಗಿ ಈಗ ಕೊಟ್ಟಿಗೆ ಕೆಲಸ ಮುಗಿಸಿ ಕೂತಿದ್ದೇನೆ.

ನಿಮ್ಮ ತೊಂದರೆ ಇಷ್ಟು ಅಲ್ವಾ? ಪಂಪ್‌ಶೆಡ್ಡಿನಲ್ಲಿ ರಾಸ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಇದೆ. ಬಾವಿಯ ನೀರಿನ ಮಟ್ಟ, ಮಣ್ಣಿನ ತೇವ ಓದಿ ಫೋನಿಗೆ ತೋರಿಸುವ, ಸ್ಪ್ರಿಂಕ್ಲರ್‌ನ ರಿಲೇ (ಪ್ರೋಗ್ರಾಂ ಹೇಳಿದ ಹಾಗೆ ಆನ್ ಆಫ್ ಆಗುವ ಸ್ವಿಚ್) ಹಾಕಿ ತೆಗೆಯುವ ಪೈಥಾನ್ ಪ್ರೋಗ್ರಾಂ ಅದರಲ್ಲಿ ಓಡುತ್ತದೆ. ಕರೆಂಟ್ ಹೋಗಿ ಬಂದರೆ ಪೈ ಏಳುತ್ತದೆ, ಪ್ರೋಗ್ರಾಂ ಏಳುವುದಿಲ್ಲ. ಮಳೆಗಾಲದಲ್ಲಿ ನಮ್ಮ ಶಿರಸಿ, ಸಿದ್ದಾಪುರದ ಕಡೆ ಕರೆಂಟ್ ಎಷ್ಟು ಸಲ ಹೋಗುತ್ತದೆ ಅಂತ ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಪ್ರತಿ ಸಲ ಉಂಬಳ ಕಚ್ಚಿಸಿಕೊಂಡು ತೋಟಕ್ಕೆ ಇಳಿದು, ಮಾನಿಟರ್ ಜೋಡಿಸಿ, ಕೈಯಿಂದ ಶುರು ಮಾಡುವುದು ಅಂದರೆ ಆ ಪ್ರೋಗ್ರಾಂ ಬರೆದ ಉಪಯೋಗವೇ ಹೋಯಿತು.

ನೀವು ಬ್ಯಾಶ್‌ಆರ್‌ಸಿ ಕಡತದಲ್ಲಿ ಒಂದು ಸಾಲು ಹಾಕಿದ್ದೆ ಅಂದಿರಿ. ಅದು ಕೆಲಸ ಮಾಡಿದ ಹಾಗೆ ಕಂಡಿದ್ದು ನೀವು ಮಾನಿಟರ್ ಹಾಕಿ ಟರ್ಮಿನಲ್ ತೆರೆದಿದ್ದಕ್ಕೆ. ಯಾರಾದರೂ ಟರ್ಮಿನಲ್ ತೆರೆದರೆ ಅಥವಾ ಲಾಗಿನ್ ಆದರೆ ಮಾತ್ರ ಆ ಕಡತ ಓದಿಸಿಕೊಳ್ಳುತ್ತದೆ. ಇನ್ನೊಂದು ಅಪಾಯ ಇದೆ. ನೀವು ಮನೆಯಿಂದ ಎಸ್‌ಎಸ್‌ಎಚ್ (ದೂರದಿಂದಲೇ ಲಾಗಿನ್ ಆಗುವ ದಾರಿ) ಮೂಲಕ ಪೈ ಒಳಗೆ ಹೋದಾಗಲೆಲ್ಲ ಪ್ರೋಗ್ರಾಂನ ಮತ್ತೊಂದು ಪ್ರತಿ ಶುರುವಾಗುತ್ತದೆ, ಎರಡೂ ಸೇರಿ ಒಂದೇ ರಿಲೇಯನ್ನು ಎಳೆದಾಡುತ್ತವೆ. ಅದನ್ನು ಇವತ್ತೇ ತೆಗೆದುಹಾಕಿ.

ಮೇಲೆ ಒಬ್ಬರು ಕ್ರಾನ್‌ಟ್ಯಾಬ್‌ನಲ್ಲಿ, ಅಂದರೆ ಯಾವಾಗ ಯಾವ ಪ್ರೋಗ್ರಾಂ ಓಡಿಸಬೇಕು ಅನ್ನುವ ಪಟ್ಟಿಯಲ್ಲಿ, ರೀಬೂಟ್ ಸಾಲು ಹಾಕಿ ಅಂದಿದ್ದಾರೆ. ತಪ್ಪಲ್ಲ, ಶುರು ಮಾಡಿಕೊಡುತ್ತದೆ. ಆದರೆ ಒಂದು ಸಲ ಶುರು ಮಾಡಿ ಕೈಬಿಡುತ್ತದೆ. ನಡುವೆ ಪ್ರೋಗ್ರಾಂ ಸತ್ತರೆ ಎಬ್ಬಿಸುವವರು ಯಾರೂ ಇಲ್ಲ.

ನಮಗೆ ಬೇಕಾಗಿರುವುದು ಪಂಪಿನ ಆಟೋ ಸ್ಟಾರ್ಟರ್ ಇದ್ದ ಹಾಗೆ. ಕರೆಂಟ್ ಬಂತು, ಸ್ವಲ್ಪ ಹೊತ್ತು ಕಾಯ್ತು, ಆಮೇಲೆ ಪಂಪ್ ಎತ್ತಿತು. ಲಿನಕ್ಸ್‌ನಲ್ಲಿ ಈ ಕೆಲಸಕ್ಕೆ ಸಿಸ್ಟಮ್‌ಡಿ ಇದೆ. 2010ರಲ್ಲಿ ಶುರುವಾದದ್ದು, ಡೆಬಿಯನ್ ಅನ್ನುವ ಲಿನಕ್ಸ್ 2015ರಿಂದ ಇದನ್ನೇ ಮೂಲ ವ್ಯವಸ್ಥೆಯಾಗಿ ಕೊಡುತ್ತಿದೆ, ಪೈಯಲ್ಲಿ ಓಡುವ ಪೈ ಓಎಸ್ ಡೆಬಿಯನ್ ಮೇಲೆ ನಿಂತಿರುವುದರಿಂದ ನಿಮ್ಮ ಪೈಯಲ್ಲೂ ಆಗಲೇ ಇದೆ. ಹೊಸದಾಗಿ ಏನೂ ಹಾಕಿಕೊಳ್ಳಬೇಕಾಗಿಲ್ಲ.

ಇಟಿಸಿ ಫೋಲ್ಡರ್, ಅದರೊಳಗೆ ಸಿಸ್ಟಮ್‌ಡಿ, ಅದರೊಳಗೆ ಸಿಸ್ಟಮ್. ಅಲ್ಲಿ ಸುಡೋ ನ್ಯಾನೋದಿಂದ (ಸುಡೋ ಅಂದರೆ ಪೂರ್ತಿ ಅಧಿಕಾರದಿಂದ, ನ್ಯಾನೋ ಅಂದರೆ ಬರೆಯುವ ಪ್ರೋಗ್ರಾಂ) ತೋಟ ಡಾಟ್ ಸರ್ವಿಸ್ ಅಂತ ಒಂದು ಕಡತ ಮಾಡಿ. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಟೈಪ್ ಮಾಡುವಾಗ ಎಲ್ಲ ಇಂಗ್ಲಿಷ್ ಅಕ್ಷರದಲ್ಲೇ ಇರಲಿ. ದೊಡ್ಡಕ್ಷರ ಸಣ್ಣಕ್ಷರವೂ ಮುಖ್ಯ, ಎಕ್ಸೆಕ್‌ಸ್ಟಾರ್ಟ್ ಅನ್ನುವ ಪದದಲ್ಲಿ ಇ ಮತ್ತು ಎಸ್ ಎರಡೂ ದೊಡ್ಡವು.

ಕಡತದಲ್ಲಿ ಮೂರು ಭಾಗ, ಒಂದೊಂದರ ತಲೆಬರಹ ಚೌಕ ಆವರಣದೊಳಗೆ. ಮೊದಲನೆಯದು ಯುನಿಟ್. ಇಲ್ಲಿ ಡಿಸ್ಕ್ರಿಪ್ಶನ್ ಅಂತ ಒಂದು ಹೆಸರು ಕೊಡಿ, ಆಮೇಲೆ ಆಫ್ಟರ್ ಮತ್ತು ವಾಂಟ್ಸ್ ಎರಡಕ್ಕೂ ನೆಟ್‌ವರ್ಕ್-ಆನ್‌ಲೈನ್ ಡಾಟ್ ಟಾರ್ಗೆಟ್ ಅಂತ ಬರೆಯಿರಿ. ಎರಡೂ ಬೇಕು. ಆಫ್ಟರ್ ಅಂದರೆ ಬರೀ ಸರದಿ, ವಾಂಟ್ಸ್ ಅಂದರೆ ಅದನ್ನು ಎಬ್ಬಿಸು ಅಂತ ಹೇಳಿದ ಹಾಗೆ. ಸಂದೇಶಗಳನ್ನು ದಾಟಿಸುವ ಮಸ್ಕಿಟೋ ಬ್ರೋಕರ್ ಅದೇ ಪೈಯಲ್ಲಿ ಇದ್ದರೆ ಆಫ್ಟರ್ ಸಾಲಿನಲ್ಲೇ ಒಂದು ಜಾಗ ಬಿಟ್ಟು ಮಸ್ಕಿಟೋ ಡಾಟ್ ಸರ್ವಿಸ್ ಅಂತಲೂ ಸೇರಿಸಿ.

ಎರಡನೆಯದು ಸರ್ವಿಸ್, ಜನ ಜಾಸ್ತಿ ಎಡವುವುದು ಇಲ್ಲೇ. ಯೂಸರ್‌ಗೆ ನಿಮ್ಮ ಲಾಗಿನ್ ಹೆಸರು. ಇದನ್ನು ಬಿಟ್ಟರೆ ಪ್ರೋಗ್ರಾಂ ರೂಟ್ ಆಗಿ, ಅಂದರೆ ಪೂರ್ತಿ ಅಧಿಕಾರದಿಂದ ಓಡುತ್ತದೆ, ಅದು ಬೇಡ. ವರ್ಕಿಂಗ್‌ಡೈರೆಕ್ಟರಿಗೆ ಪ್ರೋಗ್ರಾಂ ಇರುವ ಫೋಲ್ಡರ್‌ನ ಪೂರ್ತಿ ದಾರಿ. ಎಕ್ಸೆಕ್‌ಸ್ಟಾರ್ಟ್‌ಗೆ ಪೈಥಾನ್‌ನ ಪೂರ್ತಿ ದಾರಿ, ಅದಾದ ಮೇಲೆ ಡ್ಯಾಶ್ ಯು, ಅದಾದ ಮೇಲೆ ನಿಮ್ಮ ಕಡತದ ಪೂರ್ತಿ ದಾರಿ. ವೀಎನ್ವಿ (ಒಂದು ಪ್ರೋಗ್ರಾಂಗೆಂದೇ ಬೇರೆ ಇಡುವ ಪೈಥಾನ್ ಫೋಲ್ಡರ್) ಮಾಡಿಕೊಂಡು ಲೈಬ್ರರಿಗಳನ್ನು ಅದರೊಳಗೆ ಹಾಕಿದ್ದರೆ ಆ ವೀಎನ್ವಿಯ ಬಿನ್ ಫೋಲ್ಡರ್‌ನಲ್ಲಿರುವ ಪೈಥಾನ್‌ನದ್ದೇ ದಾರಿ ಕೊಡಬೇಕು, ಇಲ್ಲದಿದ್ದರೆ ಮಾಡ್ಯೂಲ್ ಸಿಗಲಿಲ್ಲ ಅಂತ ಸಾಯುತ್ತದೆ. ಕೈಯಿಂದ ಓಡಿಸಿದಾಗ ಸರಿ ಇತ್ತು, ಸರ್ವಿಸ್ ಮಾಡಿದ ಮೇಲೆ ಓಡಲಿಲ್ಲ ಅನ್ನುವವರದ್ದು ಹೆಚ್ಚಾಗಿ ಇದೇ ಕತೆ. ನೀವು ಲಾಗಿನ್ ಆದಾಗ ಸಿಗುವ ಪಾತ್ (ಪ್ರೋಗ್ರಾಂಗಳನ್ನು ಹುಡುಕುವ ಫೋಲ್ಡರ್‌ಗಳ ಪಟ್ಟಿ), ಬ್ಯಾಶ್‌ಆರ್‌ಸಿಯಲ್ಲಿ ಇಟ್ಟ ಗುಟ್ಟಿನ ಕೀಲಿ, ಟೋಕನ್ ಯಾವುದೂ ಸರ್ವಿಸ್‌ಗೆ ಸಿಗುವುದಿಲ್ಲ. ಅಂಥವನ್ನು ಎನ್ವಿರಾನ್‌ಮೆಂಟ್‌ಫೈಲ್ ಅನ್ನುವ ಸಾಲಿನಿಂದ ಬೇರೆ ಕಡತದಲ್ಲಿ ಇಡಿ. ಡ್ಯಾಶ್ ಯು ಯಾಕೆಂದರೆ, ಅದಿಲ್ಲದಿದ್ದರೆ ಪೈಥಾನ್ ಪ್ರಿಂಟ್ ಮಾಡಿದ್ದನ್ನು ಗುಡ್ಡೆ ಹಾಕಿಕೊಂಡು ತಡವಾಗಿ ಬರೆಯುತ್ತದೆ, ಲಾಗ್ ನೋಡಿದರೆ ಖಾಲಿ ಇರುತ್ತದೆ.

ಅದೇ ಭಾಗದಲ್ಲಿ ರೀಸ್ಟಾರ್ಟ್‌ಗೆ ಆಲ್‌ವೇಸ್, ರೀಸ್ಟಾರ್ಟ್‌ಸೆಕ್‌ಗೆ 15. ಈ 15 ಯಾಕೆ ಅಂತ ನನ್ನ ಅನುಭವದಿಂದ ಹೇಳುತ್ತೇನೆ. ಹೋದ ವರ್ಷ ಬೇಸಿಗೆಯಲ್ಲಿ ಕುಮಟಾಕ್ಕೆ ಮದುವೆಗೆ ಹೋಗಿದ್ದೆವು, ಮೂರು ದಿನ. ಮೊದಲ ರಾತ್ರಿಯೇ ಕರೆಂಟ್ ಹೋಗಿ ಬಂತು. ಪೈ ಅರ್ಧ ನಿಮಿಷದಲ್ಲಿ ಎದ್ದಿತು, ಮನೆಯ ಫೈಬರ್ ಮೋಡೆಮ್ ಹೊರಗಿನ ಸಂಪರ್ಕ ಹಿಡಿಯಲು ಎರಡು ಮೂರು ನಿಮಿಷ ತಗೊಂಡಿತು. ಅಷ್ಟರಲ್ಲಿ ನನ್ನ ಪ್ರೋಗ್ರಾಂ ಸಂದೇಶ ಕಳಿಸಲು ಹೋಗಿ, ಆಗದೆ, ಸತ್ತಿತು. ಸಿಸ್ಟಮ್‌ಡಿ ಎಬ್ಬಿಸಿತು, ಮತ್ತೆ ಸತ್ತಿತು. ನಾನು ರೀಸ್ಟಾರ್ಟ್ ಆಲ್‌ವೇಸ್ ಹಾಕಿದ್ದೆ, ಆದರೆ ರೀಸ್ಟಾರ್ಟ್‌ಸೆಕ್ ಹಾಕಿರಲಿಲ್ಲ. ಹಾಕದಿದ್ದರೆ ಅದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲೇ ಮತ್ತೆ ಪ್ರಯತ್ನಿಸುತ್ತದೆ. 10 ಸೆಕೆಂಡಿನ ಒಳಗೆ 5 ಸಲ ಎದ್ದು ಬಿದ್ದರೆ ಇನ್ನು ಆಗುವುದಿಲ್ಲ ಅಂತ ಕೈಚೆಲ್ಲುವುದು ಅದರ ಮೂಲ ನಿಯಮ. ವಾಪಸ್ ಬಂದು ಲಾಗ್ ನೋಡಿದರೆ ಕೊನೆಯ ಸಾಲು ಅದೇ: ಸ್ಟಾರ್ಟ್ ರಿಕ್ವೆಸ್ಟ್ ರಿಪೀಟೆಡ್ ಟೂ ಕ್ವಿಕ್ಲಿ. ಆಮೇಲೆ ಮೂರು ದಿನ ಏನೂ ಇಲ್ಲ. ಹೊಸದಾಗಿ ನೆಟ್ಟ ಅಡಿಕೆ ಸಸಿಗಳ ಸುಳಿ ಬಾಡಿ ಬಗ್ಗಿತ್ತು, ಬುಡದ ಮಣ್ಣು ಕೈಯಲ್ಲಿ ಹಿಡಿದರೆ ಹುಡಿ. ಅವತ್ತು ನನಗಾದ ಬೇಜಾರು ನಿಮಗೆ ಆಗಬಾರದು. 15 ಸೆಕೆಂಡ್ ಬಿಟ್ಟು ಬಿಟ್ಟು ಪ್ರಯತ್ನಿಸಿದರೆ ಆ 5 ಸಲದ ಮಿತಿಗೆ ತಾಗುವುದೇ ಇಲ್ಲ, ಮೋಡೆಮ್ ಏಳುವವರೆಗೂ ಬಿಡದೆ ಎಬ್ಬಿಸುತ್ತಿರುತ್ತದೆ.

ಮತ್ತೆ ನೆಟ್‌ವರ್ಕ್-ಆನ್‌ಲೈನ್ ಅಂದರೆ ಇಂಟರ್‌ನೆಟ್ ಬಂದಿದೆ ಅಂತ ಅಲ್ಲ, ಸಾಮಾನ್ಯವಾಗಿ ಪೈಗೆ ಮನೆಯೊಳಗಿನ ಐಪಿ ವಿಳಾಸ ಸಿಕ್ಕಿದೆ ಅಂತ ಅಷ್ಟೇ. ಹಾಗಾಗಿ ಇಂಟರ್‌ನೆಟ್ ಇಲ್ಲದಿದ್ದರೂ ನೀರು ಬಿಡುವ ಕೆಲಸ ನಿಲ್ಲದ ಹಾಗೆ ಪ್ರೋಗ್ರಾಂ ಬರೆಯಿರಿ. ಸಂದೇಶ ಹೋಗದಿದ್ದರೆ ಹೋಗದೆ ಇರಲಿ, ಸಸಿಗೆ ನೀರು ಹೋಗಲಿ.

ಮೂರನೆಯ ಭಾಗ ಇನ್‌ಸ್ಟಾಲ್. ವಾಂಟೆಡ್‌ಬೈಗೆ ಮಲ್ಟಿ-ಯೂಸರ್ ಡಾಟ್ ಟಾರ್ಗೆಟ್, ಅಷ್ಟೇ.

ಕಡತ ಉಳಿಸಿ ಸುಡೋ ಸಿಸ್ಟಮ್‌ಸಿಟಿಎಲ್ ಡೀಮನ್-ರೀಲೋಡ್ ಹೊಡೆಯಿರಿ. ಕಡತ ತಿದ್ದಿದಾಗಲೆಲ್ಲ ಇದು ಬೇಕು. ಆಮೇಲೆ ಸುಡೋ ಸಿಸ್ಟಮ್‌ಸಿಟಿಎಲ್ ಎನೇಬಲ್, ಎರಡು ಡ್ಯಾಶ್ ಹಾಕಿ ನೌ, ಕೊನೆಗೆ ತೋಟ. ಬರೀ ಸ್ಟಾರ್ಟ್ ಅಂದರೆ ಈಗ ಓಡುತ್ತದೆ, ರೀಬೂಟ್ ಆದ ಮೇಲೆ ಇಲ್ಲ. ಬರೀ ಎನೇಬಲ್ ಅಂದರೆ ಮುಂದಿನ ಬೂಟ್‌ನಿಂದ ಓಡುತ್ತದೆ, ಈಗ ಇಲ್ಲ. ನೌ ಸೇರಿಸಿದರೆ ಎರಡೂ ಆಯಿತು. ಹೇಗಿದೆ ಅಂತ ನೋಡಲು ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ತೋಟ, ಲಾಗ್‌ಗೆ ಜರ್ನಲ್‌ಸಿಟಿಎಲ್ ಡ್ಯಾಶ್ ಯು ತೋಟ, ಬರುವುದನ್ನು ಬಂದ ಹಾಗೇ ನೋಡಬೇಕಾದರೆ ಕೊನೆಗೆ ಡ್ಯಾಶ್ ಎಫ್.

ಇನ್ನು ರಿಲೇ ವಿಷಯ, ಇದನ್ನು ದಯವಿಟ್ಟು ಸುಮ್ನೆ ಓದಿ ಬಿಡಬೇಡಿ. ಪ್ರೋಗ್ರಾಂ ತಾನಾಗಿ ಏಳುತ್ತದೆ ಅಂದರೆ ಯಾರೂ ಇಲ್ಲದಾಗ ಪಂಪೂ ತಾನಾಗಿ ಏಳಬಹುದು. ಪ್ರೋಗ್ರಾಂ ಎದ್ದ ಕೂಡಲೇ ಮಾಡುವ ಮೊದಲ ಕೆಲಸ ರಿಲೇ ಆಫ್ ಮಾಡುವುದೇ ಆಗಿರಲಿ, ಆಮೇಲೆ ನೀರಿನ ಮಟ್ಟ ಓದಿ, ಆಮೇಲೆ ನಿರ್ಧಾರ. ಅಗ್ಗದ ರಿಲೇ ಬೋರ್ಡ್‌ಗಳಲ್ಲಿ ಬಹಳಷ್ಟು ಪಿನ್‌ನ ವೋಲ್ಟೇಜ್ ಕೆಳಗಿಳಿದಾಗ ಆನ್ ಆಗುವಂಥವು, ಅದನ್ನು ಮರೆತರೆ ಆಫ್ ಅಂದುಕೊಂಡದ್ದು ಆನ್ ಆಗಿರುತ್ತದೆ. ಪ್ರೋಗ್ರಾಂ ಅರ್ಧದಲ್ಲಿ ಸತ್ತರೆ ರಿಲೇ ಇದ್ದ ಸ್ಥಿತಿಯಲ್ಲೇ ಉಳಿಯಲೂಬಹುದು. ಬಾವಿ ಬತ್ತಿದಾಗ ಪಂಪ್ ನಿಲ್ಲಿಸುವ ಡ್ರೈ ರನ್ ರಕ್ಷಣೆ ಸ್ಟಾರ್ಟರ್ ಪ್ಯಾನೆಲ್‌ನಲ್ಲೇ ಇರಲಿ, ಅದನ್ನು ಪೈಗೆ ಬಿಡಬೇಡಿ. ಸ್ಟಾರ್ಟರ್ ಕಡೆಯ ವೈರಿಂಗ್ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ಬೆಳಿಗ್ಗೆ 6ಕ್ಕೆ ನೀರು ಅಂತ ಸಮಯ ಇಟ್ಟಿದ್ದರೆ ಗಡಿಯಾರವನ್ನೂ ನೋಡಿಕೊಳ್ಳಿ. 2023ರಲ್ಲಿ ಬಂದ ಪೈ 5ಕ್ಕಿಂತ ಹಳೆಯ ಪೈಗಳಲ್ಲಿ ಬ್ಯಾಟರಿಯಿಂದ ಓಡುವ ಗಡಿಯಾರ ಇಲ್ಲ. ಪೈ 5ರಲ್ಲೂ ಬ್ಯಾಟರಿ ಬೇರೆ ತಗೊಂಡು ಹಾಕಬೇಕು. ಬ್ಯಾಟರಿ ಇಲ್ಲದ ಪೈ ಇಂಟರ್‌ನೆಟ್ ಸಿಗುವವರೆಗೆ ತಪ್ಪು ಸಮಯವನ್ನೇ ನಂಬಿರುತ್ತದೆ. ಡಿಎಸ್ 3231 ಅನ್ನುವ ಸಣ್ಣ ಗಡಿಯಾರದ ಮಾಡ್ಯೂಲ್ ಗುಂಡಿ ಸೆಲ್ ಜೊತೆ ಹಾಕಿದರೆ ಈ ಚಿಂತೆ ಇಲ್ಲ.

ಯಾರಾದರೂ ಪೈ ಬದಲು ಹಳೆಯ ಡೆಸ್ಕ್‌ಟಾಪ್ ಇಟ್ಟಿದ್ದರೆ, ಮೊದಲು ಬಯೋಸ್‌ನಲ್ಲಿ (ಯಂತ್ರ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್ಸ್) ಕರೆಂಟ್ ಬಂದಾಗ ತಾನಾಗಿ ಆನ್ ಆಗುವ ಆಯ್ಕೆ ಹಾಕಿ. ಯಂತ್ರವೇ ಏಳದಿದ್ದರೆ ಸರ್ವಿಸ್ ಏನು ಮಾಡೀತು.

ಕೊನೆಗೆ ಪರೀಕ್ಷೆ. ರೀಬೂಟ್ ಹೊಡೆದು ಎದ್ದಿತು ಅಂದರೆ ಸಾಲದು, ಆಗ ಮೋಡೆಮ್ ಆನ್ ಆಗಿಯೇ ಇರುತ್ತದೆ. ಪೈಯನ್ನು ಸುಡೋ ಪವರ್‌ಆಫ್‌ನಿಂದ ಸರಿಯಾಗಿ ನಿಲ್ಲಿಸಿ, ಆಮೇಲೆ ಮನೆಯ ಮೇನ್ ಸ್ವಿಚ್ ತೆಗೆಯಿರಿ, ಐದು ನಿಮಿಷ ಬಿಟ್ಟು ಹಾಕಿ. ಪೈ, ಮೋಡೆಮ್ ಎರಡೂ ಒಟ್ಟಿಗೆ ಏಳಲಿ, ನಿಜವಾಗಿ ಕರೆಂಟ್ ಬರುವುದು ಹಾಗೇ ಅಲ್ವಾ. ನೀವು ತೋಟಕ್ಕೆ ಇಳಿಯಬೇಡಿ, ಜಗಲಿಯಲ್ಲಿ ಕೂತು ಫೋನ್ ನೋಡಿ. ಹತ್ತು ನಿಮಿಷದೊಳಗೆ ಬಾವಿಯ ಮಟ್ಟ ಬಂದರೆ ಆಯಿತು. ಪದೇ ಪದೇ ಕರೆಂಟ್ ಹೋದರೆ ಎಸ್‌ಡಿ ಕಾರ್ಡ್ ಕೆಡುವುದೂ ಇದೆ, ಎಲ್ಲ ಸರಿಯಾದ ಮೇಲೆ ಅದರ ಒಂದು ನಕಲು ತೆಗೆದು ಇನ್ನೊಂದು ಕಾರ್ಡ್‌ನಲ್ಲಿ ಇಟ್ಟುಕೊಳ್ಳಿ.

ಸ್ಟೇಟಸ್ ಹೊಡೆದಾಗ ಹಸಿರು ಬಣ್ಣದಲ್ಲಿ ಆಕ್ಟಿವ್ ಅಂತ ಬರದಿದ್ದರೆ ಆ ಪರದೆಯ ಫೋಟೋ ಇಲ್ಲೇ ಹಾಕಿ ಭಾವ, ಪಾಸ್‌ವರ್ಡ್ ಏನಾದರೂ ಕಾಣುತ್ತಿದ್ದರೆ ಮುಚ್ಚಿ. ಸಂಜೆ ಹಾಲು ಕರೆದ ಮೇಲೆ ನೋಡುತ್ತೇನೆ.