ಗೊದ್ರೋನ್ ಲೇಖನದ ಬಗ್ಗೆ: ವಿಶೇಷಣ ಇಳಿಸಿ, ತೆನೆ ತೋರಿಸಿ

ನಮಸ್ಕಾರ.

ಫ್ರಾನ್ಸಿನ ಲೊರೇನ್ ಪ್ರಾಂತ್ಯದ ಸಸ್ಯಶಾಸ್ತ್ರಜ್ಞ, ಅಧ್ಯಾಪಕ ದೊಮಿನಿಕ್ ಅಲೆಕ್ಸಾಂಡ್ರ್ ಗೊದ್ರೋನ್ (1807–1880) ಕುರಿತ ನಿಮ್ಮ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲಾಗದು. ಆದರೆ ವಿಷಯ ಕೈಬಿಡಬೇಡಿ.

ಮೊದಲು ತಪ್ಪುಗಳು. 'ಕಾಡುಹುಲ್ಲಿನಿಂದ ಗೋಧಿ ಹುಟ್ಟಿತೆಂದು ಗೊದ್ರೋನ್ ಸಾಧಿಸಿದ' ಎಂದಿದ್ದೀರಿ. ಆದದ್ದು ಇದರ ತದ್ವಿರುದ್ಧ. ಹಾಗೆ ಹೇಳಿದವನು ದಕ್ಷಿಣದ ಆಗ್ದ್ ಊರಿನ ತೋಟಗಾರ ಎಸ್ಪ್ರಿ ಫಾಬ್ರ್. ಕೀಟಗಳ ಬಗ್ಗೆ ಬರೆದ ಜಾನ್ ಆನ್ರಿ ಫಾಬ್ರ್ ಬೇರೆ. ನಿಮ್ಮ ಲೇಖನದಲ್ಲಿ ಇಬ್ಬರೂ ಒಬ್ಬರಾಗಿಬಿಟ್ಟಿದ್ದಾರೆ. ಫ್ರಾನ್ಸಿನ ಸಸ್ಯಗಳ ಮೂರು ಸಂಪುಟ (1848–1856) ಗೊದ್ರೋನ್ ಒಬ್ಬನ ಕೃತಿಯಲ್ಲ, ಶಾರ್ಲ್ ಗ್ರೆನಿಯೆ ಜತೆಗಾರ. ಒಬ್ಬನೇ ಬರೆದದ್ದು ಲೊರೇನಿನ ಸಸ್ಯಗಳ ಪುಸ್ತಕ.

ಮೂರು ಪುಟ 'ಮಹಾನ್', 'ನಿಸರ್ಗಪ್ರೇಮಿ', ಪದವಿಗಳ ಪಟ್ಟಿ. ಗೋಧಿಯ ಪ್ರಯೋಗಕ್ಕೆ ನಾಲ್ಕೇ ಸಾಲು! ಲೇಖನದ ಜೀವ ಇರುವುದೇ ಅಲ್ಲಿ. ಈಜಿಲಾಪ್ಸ್ ಎಂಬ ಆ ಹುಲ್ಲು ಕಾಳು ಉದುರಿಸುವುದಿಲ್ಲ, ಇಡೀ ತೆನೆಯೇ ಕಳಚಿ ಬೀಳುತ್ತದೆ. ಬಿದ್ದ ಒಂದೇ ತೆನೆಯಿಂದ ಅಪ್ಪಟ ಈಜಿಲಾಪ್ಸ್ ಗಿಡವೂ ಗೋಧಿಯನ್ನು ಹೋಲುವ ಗಿಡವೂ ಎದ್ದದ್ದನ್ನು ಫಾಬ್ರ್ ಕಂಡ. ಹುಲ್ಲೇ ಗೋಧಿಯಾಗುತ್ತಿದೆ ಎಂದುಕೊಂಡ. ಕಣ್ಣಾರೆ ಕಂಡವರಿಗೆ ಹಾಗನ್ನಿಸದೆ ಇದ್ದೀತೇ? ಗೊದ್ರೋನ್ ಗಮನಿಸಿದ್ದು ಬೇರೆ: ಆ ಗಿಡ ಸಿಗುವುದು ಗೋಧಿ ಹೊಲದ ಆಸುಪಾಸಿನಲ್ಲಿ. ಅಂದರೆ ತೆನೆಯ ಯಾವುದೋ ಒಂದು ಹೂವಿಗೆ ಗೋಧಿಯ ಪರಾಗ ಬಿದ್ದಿರಬೇಕು. 1853ರಲ್ಲಿ ತಾನೇ ಪರಾಗ ಹಾಕಿ ನೋಡಿದ. ಮರುವರ್ಷ ಅಂಥದೇ ಗಿಡ ಬಂತು.

ಇಂಥ ಕೆಲಸ ಹೇಗೆ ನಡೆಯುತ್ತದೆಂದು ಓದುಗರಿಗೆ ಕಾಣಿಸಿ. ಹೂ ಬಿರಿಯುವ ಮುನ್ನ ಹೊಟ್ಟು ಸರಿಸಿ, ಒಳಗಿನ ಮೂರೂ ಪರಾಗಕೋಶಗಳನ್ನು ಚಿಮಟದಿಂದ ಒಡೆಯದಂತೆ ಕೀಳಬೇಕು. ಒಂದು ಒಡೆದರೂ ಹೂವು ತನ್ನ ಪರಾಗದಿಂದಲೇ ಕಾಳು ಕಟ್ಟಬಹುದು, ಆಗ ಬರುವುದು ಹಳೇ ಹುಲ್ಲೇ. ಮಿಶ್ರತಳಿ ಬಂದರೂ ಕಾಳು ಕಟ್ಟುವುದು ಅಪರೂಪ, ಏಕೆಂದರೆ ಎರಡು ಕಡೆಯ ವರ್ಣತಂತುಗಳು (ಜೀವಕೋಶದೊಳಗೆ ವಂಶಗುಣ ಹೊರುವ ಎಳೆಗಳು) ಜೋಡಿಯಾಗುವುದಿಲ್ಲ.

ದಕ್ಷಿಣ ಫ್ರಾನ್ಸಿನ ಮೊಂಪೆಲಿಯೆ ನಗರದ ಬಳಿಯ ಪೋರ್ ಜುವೆನಾಲ್ ಅನ್ನು ಬಿಟ್ಟೇ ಬಿಟ್ಟಿದ್ದೀರಿ. ಹೊರದೇಶದ ಉಣ್ಣೆಯನ್ನು ಅಲ್ಲಿ ತೊಳೆದು ಒಣಹಾಕುತ್ತಿದ್ದರು. ಉತ್ತರಾಣಿ ಪಂಚೆಗೆ ಹತ್ತುವಂತೆ ಉಣ್ಣೆಗೆ ಹತ್ತಿಬಂದ ಬೀಜಗಳು ಅಲ್ಲೇ ಮೊಳೆಯುತ್ತಿದ್ದವು. ಆ ಪರದೇಶಿ ಗಿಡಗಳ ಮೇಲೆಯೇ ಗೊದ್ರೋನ್ 1853ರಲ್ಲಿ ಪುಸ್ತಕ ತಂದ. ಒಂದು ಪುಟ ಇದಕ್ಕಿರಲಿ. ಲೊರೇನಿನ ನಾನ್ಸಿ ನಗರದ ವಿಜ್ಞಾನ ವಿಭಾಗದ ಮೊದಲ ಡೀನ್ ಆದದ್ದಕ್ಕೆ ಒಂದು ಸಾಲು ಸಾಕು.

ಜೀವಜಾತಿಗಳು ಬದಲಾಗವು ಎಂದು ಅವನು ನಂಬಿದ್ದ. ಡಾರ್ವಿನ್ನನ ಪುಸ್ತಕ ಬಂದ 1859ರಲ್ಲೇ ಎರಡು ಸಂಪುಟ ತುಂಬ ಹಾಗೆ ವಾದಿಸಿದ. ನಾಯಕನಿಗೆ ಮಸಿ ಹತ್ತೀತೆಂದು ಅದನ್ನು ಮುಚ್ಚಿಟ್ಟಿದ್ದೀರಿ, ಬೇಡ, ಬರೆಯಿರಿ. ಜತೆಗೆ ಇದನ್ನೂ ಸೇರಿಸಿ: ಇಂದಿನ ಬ್ರೆಡ್ ಗೋಧಿಯ ಮೂರು ಜೀನೋಮ್‌ಗಳಲ್ಲಿ (ವರ್ಣತಂತುಗಳ ಪೂರ್ಣ ಗುಂಪುಗಳಲ್ಲಿ) ಒಂದು ಬಂದದ್ದು ಈಜಿಲಾಪ್ಸ್ ಕುಲದ ಬೇರೊಂದು ಹುಲ್ಲಿನಿಂದ. ಫಾಬ್ರ್ ತೋರಿಸಿದ ಹುಲ್ಲು ತಪ್ಪು, ಕುಲ ಸರಿ.

ಅಂದು 'ಈಜಿಲಾಪ್ಸ್ ಓವೇಟಾ' ಎಂದದ್ದನ್ನು ಇಂದು ಹೆಚ್ಚಾಗಿ 'ಈಜಿಲಾಪ್ಸ್ ಜೆನಿಕ್ಯುಲೇಟಾ' ಎನ್ನುತ್ತಾರೆ. ಎರಡೂ ಹೆಸರು ಕೊಡಿ. 1,200 ಪದದೊಳಗೆ ಮುಗಿಸಿ ಕಳಿಸಿ.

— ಸಂಪಾದಕ