ಮುಂದಿನ ತಾರೀಕು ಬರೆಯುವವರು ಯಾರು?

ಪ್ರಶ್ನೆ: ಸೀತಾಂಗೋಳಿ ಹತ್ತಿರದ ಎಣ್ಣೆ ಮಿಲ್ಲಿನಲ್ಲಿ ಕ್ವಾಲಿಟಿ ನೋಡಿಕೊಳ್ಳುತ್ತೇನೆ. ತೂಕದ ಮೆಷಿನ್, ಥರ್ಮಾಮೀಟರ್, ಕೊಬ್ಬರಿಯ ತೇವ ನೋಡುವ ಮೀಟರ್ ಎಲ್ಲವನ್ನೂ ಲ್ಯಾಬಿನಲ್ಲಿ ಕ್ಯಾಲಿಬ್ರೇಷನ್ (ಸರಿಯಾದ ಅಳತೆಗೆ ಹೋಲಿಸಿ ನೋಡುವುದು) ಮಾಡಿಸಿದೆವು. ಸರ್ಟಿಫಿಕೇಟಿನಲ್ಲಿ ಮುಂದಿನ ಸಲ ಮಾಡಿಸುವ ತಾರೀಕೇ ಇಲ್ಲ. ಲ್ಯಾಬಿನವರು ಮರೆತರಾ? ತೂಕದ ಮೆಷಿನ್‌ಗೆ ಸರಕಾರಿ ಸೀಲ್ ಇದ್ದ ಮೇಲೂ ಇದು ಬೇಕಾ?
— ಓದುಗರು, ಬದಿಯಡ್ಕ

ಉತ್ತರ: ಮರೆತಿಲ್ಲ ಮಾರಾಯ್ರೇ, ಸರಿಯಾಗಿಯೇ ಮಾಡಿದ್ದಾರೆ. ಲ್ಯಾಬುಗಳು ಪಾಲಿಸುವ ಅಂತಾರಾಷ್ಟ್ರೀಯ ಮಾನದಂಡ ಐಎಸ್‌ಒ/ಐಇಸಿ 17025ರ (2017) ಪ್ರಕಾರ, ನೀವಾಗಿ ಒಪ್ಪಿಕೊಂಡಿದ್ದರೆ ಬಿಟ್ಟು, ಮುಂದಿನ ಸಲ ಯಾವಾಗ ಅಂತ ಅವರು ಸರ್ಟಿಫಿಕೇಟಿನಲ್ಲೂ ಲೇಬಲ್ಲಿನಲ್ಲೂ ಹೇಳುವ ಹಾಗಿಲ್ಲ. ನ್ಯಾಯವೇ ಅಲ್ವಾ? ಆ ದಿನ ಮೆಷಿನ್ ಎಷ್ಟು ತೋರಿಸಿತು ಅನ್ನುವುದಷ್ಟೇ ಅವರಿಗೆ ಗೊತ್ತು. ನಿಮ್ಮಲ್ಲಿ ಅದರ ಮೇಲೆ ಗೋಣಿ ಎತ್ತಿ ಹಾಕುತ್ತಾರಾ, ಮಳೆಗಾಲದಲ್ಲಿ ತೇವ ಒಳಗೆ ಹೋಗುತ್ತದಾ ಅವರಿಗೇನು ಗೊತ್ತು?

ತಾರೀಕು ನೀವೇ ನಿಶ್ಚಯ ಮಾಡಿ. ಹಳೇ ಸರ್ಟಿಫಿಕೇಟುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ರೀಡಿಂಗ್ ಸಲದಿಂದ ಸಲಕ್ಕೆ ಜಾರುತ್ತಿದ್ದರೆ ಅವಧಿ ಕಮ್ಮಿ ಮಾಡಿ, ಅಲುಗಾಡದಿದ್ದರೆ ಸ್ವಲ್ಪ ಉದ್ದ ಮಾಡಬಹುದು. ಕಾರಣವನ್ನು ರಿಜಿಸ್ಟರಿನಲ್ಲಿ ಒಂದು ಸಾಲು ಬರೆದಿಡಿ. ಆಡಿಟರ್ ಕೇಳಿದರೆ ಅದನ್ನೇ ತೋರಿಸಿ. ಆದರೆ ಎಲ್ಲದರ ತಾರೀಕನ್ನೂ ಒಂದೇ ತಿಂಗಳಿಗೆ ಇಡಬೇಡಿ. ಥರ್ಮಾಮೀಟರ್ ಎಲ್ಲ ಒಟ್ಟಿಗೆ ಮಂಗಳೂರಿಗೋ ಕೊಚ್ಚಿಗೋ ಹೋದರೆ ಮಿಲ್ಲಿನಲ್ಲಿ ಏನು ಮಾಡ್ತೀರಿ?

ಸೀಲಿನ ಲೆಕ್ಕ ಬೇರೆ. ಅದು 2009ರ ಲೀಗಲ್ ಮೆಟ್ರಾಲಜಿ (ತೂಕ-ಅಳತೆ) ಕಾಯ್ದೆಯದು, ವ್ಯಾಪಾರಕ್ಕೆ ತೂಗುವ ಮೆಷಿನ್‌ಗೆ ಬೇಕೇಬೇಕು. ಅಲ್ಲಿ ಅವಧಿ ನಿಮ್ಮ ಕೈಯಲ್ಲಿಲ್ಲ: ಎಲೆಕ್ಟ್ರಾನಿಕ್ ಮೆಷಿನ್‌ಗೆ 12 ತಿಂಗಳು, ತೂಕದ ಬಟ್ಟುಗಳಿಗೆ 24. ನಡುವೆ ರಿಪೇರಿಗೆ ಸೀಲ್ ಒಡೆದರೆ ತಾರೀಕಿಗೆ ಕಾಯದೆ ಮತ್ತೆ ಹಾಕಿಸಬೇಕು. ಒಂದಿದೆ ಅಂತ ಇನ್ನೊಂದನ್ನು ಬಿಡುವ ಹಾಗಿಲ್ಲ.

ಇನ್ನು ಉಪಕರಣಕ್ಕೆ ಅಂಟಿಸುವ ತಾರೀಕಿನ ಲೇಬಲ್. ನನಗೆ ಸಿಟ್ಟು ಬರುವುದೇ ಇಲ್ಲಿ. '05-06' ಅಂತ ಬರೆದು ಬಿಡುತ್ತಾರೆ. ಜೂನ್ ಐದಾ, ಮೇ ಆರಾ? ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ. ಜೊತೆಗೆ ಉಪಕರಣದ ನಂಬರ್ ಇರಲಿ. ನಂಬರ್ ಇಲ್ಲದ ಲೇಬಲ್ ಇವತ್ತು ಈ ಮೀಟರಿಗೆ, ನಾಳೆ ಆ ಮೀಟರಿಗೆ. ಎಣ್ಣೆ ಕೈಗೆ ಬಾಲ್‌ಪೆನ್ನಿನ ಶಾಯಿ ನಿಲ್ಲುವುದಿಲ್ಲ, ಮೇಲೊಂದು ಪಾರದರ್ಶಕ ಟೇಪ್ ಅಂಟಿಸಿ. ಮೆಷಿನ್ ಟೆಸ್ಟ್ ಮಾಡುವ ತೂಕದ ಬಟ್ಟಿಗೇ ಲೇಬಲ್ ಅಂಟಿಸಿದ್ದನ್ನೂ ನೋಡಿದ್ದೇನೆ! ಕಾಗದಕ್ಕೂ ಗೋಂದಿಗೂ ಭಾರ ಇಲ್ವಾ? ಅದರ ಪೆಟ್ಟಿಗೆಗೆ ಅಂಟಿಸಿ.

ಅಂಟಿಸುವ ಮೊದಲು ಸರ್ಟಿಫಿಕೇಟಿನಲ್ಲಿ ಎರರ್ ಕಾಲಂ ಓದಿ. ಕ್ಯಾಲಿಬ್ರೇಷನ್ ಆಯಿತು ಅಂದರೆ ಮೀಟರ್ ಸರಿ ಇದೆ ಅಂತಲ್ಲ, ಎಷ್ಟು ತಪ್ಪು ತೋರಿಸುತ್ತದೆ ಅಂತ ಗೊತ್ತಾಯಿತು ಅಷ್ಟೇ. ನಿಮ್ಮ ಕೆಲಸಕ್ಕೆ ಎಷ್ಟು ತಪ್ಪು ನಡೆಯುತ್ತದೆ ಅನ್ನುವುದಕ್ಕೆ ಹೋಲಿಸಿ. ಮೀರಿದ್ದರೆ ಕೆಂಪು ಚೀಟಿ ಕಟ್ಟಿ ಟೇಬಲ್ಲಿನಿಂದಲೇ ಎತ್ತಿಡಿ. ಮತ್ತೆ, ಹಿಂದಿನ ಕ್ಯಾಲಿಬ್ರೇಷನ್‌ನಿಂದ ಇಲ್ಲಿವರೆಗೆ ಆ ಮೀಟರಿನಲ್ಲಿ ನೋಡಿದ ಕೊಬ್ಬರಿಯ ಲೆಕ್ಕವನ್ನೂ ತೆಗೆದು ನೋಡಿ.